ಕೊಟ್ಟಿಗೆಯ ಬಾಗಿಲಿಗೆ ಬಳಿದ ಹೆಸರು

ಮಳೆಗಾಲ ಕಳೆದು ರಂಪಣಿ ಇಳಿಸುವ ದಿನ ಬಂದಿತ್ತು. ಮನೆಮನೆಯ ಬಲೆಯ ತುಂಡುಗಳನ್ನು ಹೊಲಿದು ಮಾಡುವ ಆ ದೊಡ್ಡ ಬಲೆಯಲ್ಲಿ ತಮ್ಮ ತುಂಡು ಸೇರದವರಿಗೆ ಮೀನಿನಲ್ಲಿ ಪಾಲಿಲ್ಲ. ಗಂಡ ತೀರಿದ ಮೇಲೆ ಗುಲಾಬಿಯ ಒಲೆ ಉರಿಯುತ್ತಿದ್ದುದು ಆ ಒಂದು ಪಾಲಿನಿಂದಲೇ. ನೈಲಾನ್ ದಾರ ಇನ್ನೂ ಸಿರಿವಂತರ ಮಾತಾಗಿದ್ದ ಕಾಲ. ಅವಳದು ಕೈಯಾರೆ ಹೆಣೆದ ಹತ್ತಿನೂಲಿನ ಬಲೆ. ಅದೀಗ ಹಂಗಾರಕಟ್ಟೆಯ ಬಲೆಕೊಟ್ಟಿಗೆಯಲ್ಲಿ ಇರಲಿಲ್ಲ.

“ಮಾತ್ ಹೇಳ್ದ, ಕೊಟ್ಟೆ,” ಎಂದ ಕೊಟ್ಟಿಗೆ ಕಾಯುವ ಮುದುಕ ಚಂದಯ್ಯ. “ನಿನ್ನ ಮೈದುನ ಸುಬ್ಬ ಮಾರಾಯ್ತಿ, ಹೊರಗಿನವ ಅಲ್ಲ.”

ಅಲ್ಲಿಯ ಕಟ್ಟಳೆ ಹಾಗಿತ್ತು. ಮಳೆಗೆ ಮುಂಚೆ ಬಲೆ ಇಡುವಾಗ ಪ್ರತಿ ಮನೆಯವರೂ ಚಂದಯ್ಯನ ಕಿವಿಯಲ್ಲಿ ಒಂದು ಗುಟ್ಟಿನ ಮಾತು ಹೇಳಬೇಕು. ಒಯ್ಯಲು ಅಳಿಯನೇ ಬರಲಿ, ಕೂಲಿಯವನೇ ಬರಲಿ, ಆ ಮಾತು ಹೇಳಿದವನಿಗೆ ಬಲೆ.

“ಎಂತ ಮಾತ್ ಹೇಳ್ದ ಅವ?”

ಚಂದಯ್ಯ ಬಾಗಿಲ ಕಡೆ ನೋಡಿದ. ಹೊರಗೆ, ಪಕ್ಕದಲ್ಲೇ ಅದೇ ಬಲೆಯನ್ನು ರಂಪಣಿಗೆ ಹೊಲಿಯುತ್ತಿದ್ದ ಸುಬ್ಬ ತಲೆಯೆತ್ತದೆ ನಕ್ಕ.

“ಪ್ರಭಾವತಿ ಅಂದೆ ಅತ್ಗಿ. ಅಷ್ಟೆ.”

ಹೆಸರಿಡುವ ದಿನಕ್ಕೆ ಮೊದಲೇ ಮಣ್ಣು ಸೇರಿದ ಮಗಳಿಗೆ ಗುಲಾಬಿ ಮನಸ್ಸಿನಲ್ಲೇ ಇಟ್ಟಿದ್ದ ಹೆಸರದು. ಗಂಡನಿಗೂ ಹೇಳಿರಲಿಲ್ಲ. ಯಾರ ಊಹೆಗೂ ಸಿಕ್ಕದೆಂದು ಚಂದಯ್ಯನ ಕಿವಿಗೆ ಮಾತ್ರ ಹಾಕಿದ್ದಳು.

“ನಿಂಗ್ ಯಾರ್ ಹೇಳ್ರ್?”

“ಬಾಗ್ಲೇ ಹೇಳಿತ್ತ್. ನಂಗ್ ಓದೂಕೆ ಬತ್ತ್, ಕಾಣಿ.”

ನೆನಪು ಕೈಕೊಡುತ್ತಿದೆಯೆಂದು ಅಂಜಿದ ಚಂದಯ್ಯ, ದೋಣಿಗೆ ಬಳಿದು ಉಳಿದ ಕೆಂಪು ಬಣ್ಣದಲ್ಲಿ ಎಲ್ಲರ ಹೆಸರನ್ನೂ, ಅದರೆದುರಿಗೆ ಅವರವರ ಮಾತನ್ನೂ ಬಾಗಿಲಿನ ಒಳಮೈಗೆ ಬರೆಸಿಟ್ಟಿದ್ದ. ಮುಚ್ಚಿದ್ದಷ್ಟು ಕಾಲ ಅದು ಗುಟ್ಟು. ತೆರೆದ ದಿನ ಒಳಮೈ ದಾರಿಗೆ ಮುಖಮಾಡಿತು. ಅಕ್ಷರ ತಿಳಿಯದ ಗುಲಾಬಿ ಬೆಳಿಗ್ಗೆ ಅದರ ಮುಂದೆಯೇ ಹಾದುಬಂದಿದ್ದಳು.

“ಹ್ವಾಯ್ ಚಂದಯ್ಯಣ್ಣ! ನಾನ್ ಹೇಳದ್ದ್ ನಿಮ್ಮ ಕೆಮಿಗೆ, ಬಾಗ್ಲಿಗಲ್ಲ!”

“ಮರ್ತ್ ಹೋತ್ತ್ ಅಂದ್ಹೇಳಿ ಬರ್ಸದ್ದ್, ಹೆಣ್ಣೆ...”

“ಮರ್ತಿದ್ರೆ ನೀವೊಬ್ರ್ ಮರೀತಿದ್ರಿ. ಈಗ ಊರೇ ಓದಿತ್ತಲೆ!”

“ಅಣ್ಣನ ಬಲಿ ಅಂದ್ರೆ ನನ್ನದ್ದೇ,” ಎಂದ ಸುಬ್ಬ, ಬಲೆಯನ್ನು ತನ್ನತ್ತ ಎಳೆದುಕೊಂಡು. “ಹೆಂಗ್ಸಿಗೆ ಎಂತಕೆ ಬಲಿ?”

ಗುಲಾಬಿ ನೇರ ನಡೆದು ಬಲೆಯ ಮೂಲೆಯನ್ನು ಎತ್ತಿ ಹಿಡಿದಳು. ನೂಲು ಕೊಳೆಯದಿರಲೆಂದು ಅದ್ದಿದ ಮರದ ತೊಗಟೆಯ ಚೊಗರು ಕುಡಿದು ಕಲ್ಲಾಗಿದ್ದ ಹೆಬ್ಬೆರಳ ಗಾತ್ರದ ಗಂಟೊಂದು ಅಲ್ಲಿತ್ತು. ಸುತ್ತ ತಿರುಗಿಸಿ ನೋಡಬಹುದು. ಯಾವ ಎಳೆ ಮೊದಲು ಹೊಕ್ಕಿತೆಂದು ಮಾತ್ರ ಕಾಣದು.

“ಇದನ್ನ್ ಕಟ್ಟದ್ದ್ ಯಾರ್?”

“ಅಣ್ಣ.”

“ಹಂಗಾರೆ ತಮ್ಮಂಗೂ ಕಲ್ಸಿರ್ಕಲೆ. ಕಟ್ಟಿ ತೋರ್ಸ್.”

ಸುಬ್ಬ ಹಗ್ಗದ ತುಂಡೊಂದನ್ನು ತೆಗೆದುಕೊಂಡು, ಮೂಲೆಯ ಗಂಟನ್ನು ನೋಡಿ ನೋಡಿ ಕಟ್ಟಿದ. ಎಳೆದೊಡನೆ ಬಿಚ್ಚಿಹೋಯಿತು. ಮತ್ತೆ ಕಟ್ಟಿದ.

“ಅದ್ ದನ ಕಟ್ಟು ಗಂಟ್ ಮಾರಾಯ!” ಎಂದು ಯಾರೋ ಕೂಗಿದರು. ರಂಪಣಿಗೆ ನೆರೆದವರು ನಕ್ಕರು, ಗುಲಾಬಿ ನಗಲಿಲ್ಲ. ಹಗ್ಗದ ತುಂಡು ಕಸಿದುಕೊಂಡು, ಎಲ್ಲರಿಗೂ ಬೆನ್ನು ಹಾಕಿ ಗಂಟು ಕಟ್ಟಿ, ಹಲ್ಲಿನಿಂದ ಬಿಗಿದು, ಚಂದಯ್ಯನ ಮುಂದೆ ಎಸೆದಳು. ಅವನು ಅದನ್ನು ಮೂಲೆಯ ಗಂಟಿನ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದ.

“ಹೊಲಿಗೆ ಬಿಚ್ಚ್ ಸುಬ್ಬ. ಬಲಿ ಇವಳ್ದೇ.” ಆಮೇಲೆ ತಗ್ಗಿದ ದನಿಯಲ್ಲಿ, “ಮುಂದಿನ ಸರ್ತಿಗೆ ಬೇರೆ ಮಾತ್ ಹೇಳ್, ಹೆಣ್ಣೆ.”

“ಇನ್ನ್ ನಿಮ್ಗೆ ಮಾತಿಲ್ಲೆ. ಈ ಗಂಟನ್ನೇ ಬಾಗ್ಲಿಗೆ ತೂಗ್ಸಿ. ಊರೆಲ್ಲ ಕಾಣ್ಲಿ. ಬಂದವ ನಿಮ್ಮೆದ್ರ್ ಕಟ್ಟಿ ತೋರ್ಸಲಿ. ಹ್ಯಾಂಗ್ ಕಟ್ಟದ್ದ್ ಅಂದ್ಹೇಳಿ ನೀವೂ ಕೇಣ್ಬೇಡಿ.”

“ನೀನೇ ಮರ್ತ್ರೆ?”

“ಮರ್ತ್ರೆ ಬಲಿ ಅಲ್ಲೇ ಕೊಳೀಲಿ!”

ಅವಳು ಮೀನು ಕೊಯ್ಯುವ ಕತ್ತಿ ತೆಗೆದುಕೊಂಡು ಬಾಗಿಲ ಬಳಿ ಹೋದಳು.

“ಯಾವ್ದ್ ಅವ್ಳ್ ಹೆಸ್ರ್? ತೋರ್ಸಿ.”

ಚಂದಯ್ಯ ‘ಪ್ರಭಾವತಿ’ ಎಂದಿದ್ದಲ್ಲಿ ಬೆರಳಿಟ್ಟು ತೋರಿಸಿದ. ಕೆಂಪು ಬಣ್ಣ ಮರದೊಳಗೆ ಇಳಿದಿತ್ತು. ಅತ್ತ ರಂಪಣಿಗೆ ಕೂಗು ಬಿದ್ದರೂ ಗುಲಾಬಿ ಕದಲಲಿಲ್ಲ. ಬಿಳಿಯ ಮರ ಕಾಣುವ ತನಕ ಹೆರೆಯುತ್ತಲೇ ಇದ್ದಳು.