ಒಂದೇ ಹೂಂ, ಎರಡು ಗುಡಿ

ನಾನು ಒಂದು ಕರಿಹಲಗೆ. ಅಥಣಿಯ ಬಡಿಗನೊಬ್ಬ ನನ್ನನ್ನು ಜೋಡಿಸಿ, ಉಜ್ಜಿ, ಕಪ್ಪು ಬಣ್ಣ ಬಳಿದು ಬಿಸಿಲಿಗೆ ನಿಲ್ಲಿಸಿದ. ಅಲ್ಲಿಂದ ಕೃಷ್ಣೆಯ ದಂಡೆಯ ಹಳ್ಳಿಶಾಲೆಗೆ ಹೋದೆ. ವರ್ಷಗಟ್ಟಲೆ ಮಗ್ಗಿ, ಕಾಗುಣಿತ ಹೊತ್ತೆ. ಶಾಲೆಗೆ ಬಿಳಿ ಬೋರ್ಡು ಬಂದಾಗ ನನ್ನನ್ನು ಹಾಲಿನ ಸೊಸೈಟಿಗೆ ಕೊಟ್ಟರು. ಊರಿನ ಸಭೆಗಳೆಲ್ಲ ಅಲ್ಲಿಯೇ. ಸಭೆ ಅಂದರೆ ಬರೀ ಮಾತು. ನನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ, ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಹೊಳೆ ಊರಿಗೆ ನುಗ್ಗುತ್ತದೆ ಎಂದು ಸುದ್ದಿ ಬಂತು. ಮಧ್ಯಾಹ್ನವೇ ಜನ ಸೇರಿದರು. ಕಾರ್ಯದರ್ಶಿ ಶಿವಲಿಂಗಪ್ಪ ಎದ್ದು ನಿಂತ.

"ಮೈಕಿನ್ಯಾಗ ಹೇಳಿದ ಕೂಡ್ಲೆ ಎಲ್ಲಾರೂ ಗುಡಿ ಹತ್ರ ಬರ್ರಿ. ನಾ ಟ್ರ್ಯಾಕ್ಟರ್ ತಗೊಂಡು ಅಲ್ಲೇ ನಿಂತಿರ್ತೀನಿ."

"ಹೂಂ" ಎಂದಿತು ಸಭೆ. ಜನ ಏಳತೊಡಗಿದರು.

ಆಶಾ ಕಾರ್ಯಕರ್ತೆ ಕಸ್ತೂರವ್ವ ತಡೆದಳು. "ಒಂದೀಟು ಕೂಡ್ರಿ. ಬಸುರಿ ಹೆಣ್ಮಕ್ಕಳಿಗೆ ನಾ ದಾರಿ ತೋರಿಸ್ಬೇಕು."

ಆಕೆ ಚಾಕ್‌ಪೀಸು ಹಿಡಿದು ನನ್ನ ಮೈಮೇಲೆ ಸೊಟ್ಟ ಗೆರೆಯೊಂದನ್ನು ಎಳೆದು, ಇದು ಹೊಳೆ ಎಂದಳು. ಕೆಲವು ಚೌಕ ಬರೆದು, ಇವು ಓಣಿ ಎಂದಳು. ಮುಂದೆ ಕುಳಿತಿದ್ದ ಶಿವಲಿಂಗಪ್ಪನ ಹೆಂಡತಿಯನ್ನು ಕರೆದಳು. "ಇಂದ್ರವ್ವಾ, ಗುಡಿ ಎಲ್ಲೈತಿ, ಗುರ್ತು ಹಾಕವಾ."

ಇಂದ್ರವ್ವ ನಗುತ್ತ ಬಂದು, ಹೊಳೆಗೆ ಅಂಟಿಕೊಂಡಂತೆ ಒಂದು ಗುರುತು ಹಾಕಿದಳು.

ಶಿವಲಿಂಗಪ್ಪ ನನ್ನತ್ತ ಧಾವಿಸಿದ. "ಏ, ಅದಲ್ಲ! ನಾ ಹೇಳಿದ್ದು ದಿಬ್ಬದ ಮ್ಯಾಲಿನ ಹಣಮಪ್ಪನ ಗುಡಿ!"

"ನಮ್ಮ ಓಣ್ಯಾಗ ಗುಡಿ ಅಂದ್ರ ಲಕ್ಕವ್ವನ ಗುಡಿ ಅಲ್ರೀ? ಹುಡುಗ್ರನ್ನ ಕರ್ಕೊಂಡು ಅಲ್ಲಿಗೇ ಹೊಂಟಿದ್ನಲ್ಲಾ..."

ಆಕೆಯ ಕೈಯ ಚಾಕ್‌ಪೀಸು ಕೆಳಗೆ ಬಿತ್ತು. ಕೆಳಗಿನ ಓಣಿಯ ಹೆಂಗಸರು ಒಬ್ಬೊಬ್ಬರಾಗಿ, "ನಾವೂ ಅಲ್ಲಿಗೇ ಅಂದ್ಕೊಂಡಿದ್ವಿ" ಎಂದರು.

ನಾನು ದಂಗಾಗಿ ಹೋದೆ. ಒಂದೇ ಮನೆಯಲ್ಲಿ ಉಣ್ಣುವ ಗಂಡ ಹೆಂಡತಿ ಒಂದೇ ಮಾತಿಗೆ ಹೂಂ ಅಂದಿದ್ದರು. ಈ ಗುರುತು ಬೀಳದಿದ್ದರೆ, ನೀರು ಬಂದಾಗ ಅವನು ದಿಬ್ಬದ ಮೇಲೆ ಕಾಯುತ್ತಿದ್ದ. ಅವಳು ಮಕ್ಕಳೊಂದಿಗೆ ಹೊಳೆಯತ್ತ ನಡೆಯುತ್ತಿದ್ದಳು.

ಕಸ್ತೂರವ್ವ ಆ ಗುರುತು ಅಳಿಸಿ, ದಿಬ್ಬಕ್ಕೆ ದಪ್ಪ ಬಾಣ ಎಳೆದಳು. ಪ್ರತಿಯೊಬ್ಬರೂ ಅದರ ಮೇಲೆ ಬೆರಳಾಡಿಸಿಯೇ ಹೊರಬಿದ್ದರು.

ಮರುದಿನ ನೀರು ಬಂತು. ನಾನು ಸೊಸೈಟಿಯೊಳಗೇ ತೇಲಿದೆ, ಬಾಗಿಲಿಗೆ ಬಡಿದು ಸೀಳುಬಿಟ್ಟೆ. ನೀರು ಇಳಿದ ಮೇಲೆ ಜನ ಆಡಿದ್ದು ಕೇಳಿದೆ: ಲಕ್ಕವ್ವನ ಗುಡಿಯ ಕಳಸವೂ ಮುಳುಗಿತ್ತಂತೆ. ದಿಬ್ಬದ ಮೇಲೆ ಊರಿಗೆ ಊರೇ ಇತ್ತಂತೆ.

ಈಗ ಮೂಲೆ ಸೇರಿದ್ದೇನೆ. ಮೈ ಸೊಟ್ಟಗಾಗಿದೆ, ಬಣ್ಣ ಎದ್ದಿದೆ. ಆ ಮಧ್ಯಾಹ್ನ ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಅಸಡ್ಡೆ ಮಾಡಿರಲಿಲ್ಲ. ಎಲ್ಲರೂ ಮನಸಾರೆ ಹೂಂ ಅಂದಿದ್ದರು. ಅದನ್ನು ನೆನೆದರೆ ಇಂದಿಗೂ ನನ್ನ ಎದೆ ಝಲ್ಲೆನ್ನುತ್ತದೆ.