ಬೋರವ್ವನ ಹಿಡಿ ಜೋಳ

"ಎರಡು ಮಾರ್ಕ್ಸ್ ಅಂದ್ರ ಎಷ್ಟ ದೊಡ್ಡದಿರತೈತಿ?"

ಬೋರವ್ವ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ನೂಲು ಸುತ್ತುವ ರಾಟಿ, ಅದರ ಮೇಲೆ ಅರ್ಧಕ್ಕೆ ನಿಂತ ಕೆಂಪು ರೇಷ್ಮೆಯ ಕಂಡಿಕೆ. ಒಳಗೆ ಒಲೆಯ ಮುಂದೆ ಕೂತಿದ್ದ ಮಗಳು ಬನಶಂಕರಿಗೆ ಅದು ಕೇಳಿಸಿತು. ಹೊಸ್ತಿಲಾಚೆ ಆಗಷ್ಟೇ ಬಂದು ನಿಂತಿದ್ದ ಸಂಗಯ್ಯನಿಗೂ ಕೇಳಿಸಿತು.

ಇಳಕಲ್ಲಿನ ನೇಕಾರ ಓಣಿಗಳಲ್ಲಿ ಸೋಮವಾರವೆಂದರೆ ಸಂಗಯ್ಯಜ್ಜನ ದಿನ. ಹಣೆಗೆ ವಿಭೂತಿ, ಹೆಗಲಿಗೆ ಜೋಳಿಗೆ, ಬಾಯಲ್ಲಿ ಶರಣರ ಒಂದು ಹಾಡು. ಹದಿನೆಂಟು ವರ್ಷದಲ್ಲಿ ಒಂದು ಸೋಮವಾರವನ್ನೂ ಅವನು ತಪ್ಪಿಸಿದವನಲ್ಲ. ಈ ಓಣಿಯ ಪ್ರತಿ ಮನೆಯಲ್ಲೂ ಹಿಟ್ಟಿನ ಡಬ್ಬಿಯ ಪಕ್ಕಕ್ಕೆ ಒಂದು ಸಣ್ಣ ಗಡಿಗೆ ಇರುತ್ತಿತ್ತು. ಬೀಸಲೆಂದು ಜೋಳ ತೆಗೆದಾಗಲೆಲ್ಲ ಮೊದಲ ಹಿಡಿ ಆ ಗಡಿಗೆಗೆ. ಬಾಗಲಕೋಟೆಯ ಜ್ಞಾನದಾಸೋಹ ಸಮಿತಿಯವರ ಪ್ರಸಾದನಿಲಯದಲ್ಲಿ ಇದ್ದು ಓದುವ ಬಡ ಮಕ್ಕಳ ರೊಟ್ಟಿಗೆ ಅದು ಹೋಗಬೇಕು. ಶರಣರನ್ನು ನಂಬಿದವರ ಮನೆ, ಕಾಸಿಂಬಿಯ ಮನೆ ಎಂಬ ಭೇದ ಅದಕ್ಕಿರಲಿಲ್ಲ. ಕಾಸಿಂಬಿಯ ಹಿಡಿ ಒಂದಿಷ್ಟು ದೊಡ್ಡದೇ ಇರುತ್ತಿತ್ತು.

"ಇದು ಜೋಳ ಅಲ್ಲವ್ವ, ನಿಮ್ಮ ಮಕ್ಕಳ ಸೀಟು," ಎಂದು ಸಂಗಯ್ಯ ಬಾಗಿಲು ಬಾಗಿಲಿಗೂ ಹೇಳುತ್ತಿದ್ದ. ಯಾರಾದರೂ ಮುಖ ಸಣ್ಣದು ಮಾಡಿದರೆ ಬೋರವ್ವನ ಕತೆ ಹೇಳುತ್ತಿದ್ದ. ಎಪ್ಪತ್ತೆರಡರ ಬರಗಾಲದಲ್ಲಿ ಮಗ್ಗಗಳೆಲ್ಲ ನಿಂತಿದ್ದಾಗ ಅವನು ಈ ಹೊಸ್ತಿಲಿಗೆ ಬಂದಿದ್ದ. ಒಂಬತ್ತು ವರ್ಷದ ಬನಶಂಕರಿ ಗಡಿಗೆಯೊಳಗೆ ಕೈ ಹಾಕಿ ಒಂದು ಹಿಡಿ ಜೋಳ ತೆಗೆದು ಮುಷ್ಟಿ ಬಿಗಿದುಕೊಂಡಿದ್ದಳು. ತಾಯಿ ಬೈಯಲಿಲ್ಲ, ಹೊಡೆಯಲಿಲ್ಲ. ಒಂದೊಂದೇ ಬೆರಳು ಬಿಡಿಸಿ, ಅಂಗೈಗೆ ಅಂಟಿದ ಕಾಳನ್ನೂ ಉದುರಿಸಿ, "ಇದು ಓದೋ ಮಕ್ಕಳದು, ನಮ್ಮದಲ್ಲ," ಎಂದಿದ್ದಳು. ಕತೆ ಕೇಳಿದ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಂದರ ಬದಲು ಎರಡು ಹಿಡಿ ಹಾಕುತ್ತಿದ್ದರು.

ಈಗ ಎಂಬತ್ತಮೂರನೆಯ ಇಸವಿ. ಅದೇ ಹುಡುಗಿ ಮನೆಯಿಂದಲೇ ಕಾಲೇಜಿಗೆ ನಡೆದು ಹೋಗಿ ಬಿ.ಎ. ಮುಗಿಸಿದ್ದಳು. ಫಸ್ಟ್ ಕ್ಲಾಸು. ಮಾಸ್ತರಿಕೆಗೆ ಬಿ.ಎಡ್. ಬೇಕು. ಹತ್ತು ವರ್ಷದಿಂದ ಬಾಗಲಕೋಟೆಯಲ್ಲಿ ಕಾಲೇಜು ನಡೆಸುತ್ತಿದ್ದ ಸಮಿತಿಯವರು ಎರಡು ವರ್ಷದ ಹಿಂದೆ ಅದನ್ನೂ ತೆರೆದಿದ್ದರು. ಅರ್ಧ ಸೀಟು ಸರ್ಕಾರದ ಯಾದಿಯಿಂದ, ಅರ್ಧ ಸಮಿತಿಯ ಕೈಯಲ್ಲಿ. ಶನಿವಾರ ಸರ್ಕಾರದ ಯಾದಿ ಬಂದಿತ್ತು. ಬನಶಂಕರಿಯ ಹೆಸರು ಎರಡು ಅಂಕದಲ್ಲಿ ಹೊರಗೆ ಉಳಿದಿತ್ತು.

"ಯಾಕವ್ವ ಬೋರವ್ವ, ಮಾರಿ ಹಿಂಗ ಮಾಡ್ಕೊಂಡಿ?" ಸಂಗಯ್ಯ ಹೊಸ್ತಿಲ ಮೇಲೆ ಕೂತ. "ಸರ್ಕಾರದ ಯಾದಿ ಇಲ್ಲಂದ್ರ ಸಮಿತಿ ಯಾದಿ ಇಲ್ಲೇನು? ಅದೇನ ಪರರ ಮನಿ ಐತೇನು? ನಾಳೆ ಈಕೀನ ಕರ್ಕೊಂಡ ಹೋಗ್ತೇನಿ. ಮಾಮಲೇದಾರರ ದಾಖಲಿ ತಂದಿಟ್ಟೀರಿಲ್ಲೋ?"

"ಹುನಗುಂದಕ್ಕ ನಾಕ ಸಲ ಅಡ್ಡಾಡಿ ತಂದೇನ್ರಿ," ಒಳಗಿನಿಂದ ಬನಶಂಕರಿ ಹೇಳಿದಳು. "ನಾವು ಬಡವರು ಅನ್ನಾಕ ನಾಕ ಸಲ ಬಸ್ ಚಾರ್ಜ್ ಕೊಟ್ಟ ಮ್ಯಾಲೆ ಖರೇನ ಬಡವ್ರಾದ್ವಿ."

ಸಂಗಯ್ಯ ನಕ್ಕ. ಬೋರವ್ವ ನಗಲಿಲ್ಲ. ಎದ್ದು ಗಡಿಗೆ ತಂದು ಜೋಳಿಗೆಗೆ ಸುರಿದಳು, ಎಂದಿನಂತೆ. ತಿಂಗಳ ಜೋಳ ಚೀಲ ತುಂಬಿದ ಮೇಲೆ ಅದರ ಬಾಯಿ ಕಟ್ಟಲು ಬೇಕಾಗುತ್ತದೆಂದು ಉಳಿದ ಕೆಂಪು ನೂಲಿನ ಒಂದು ಎಳೆಯನ್ನೂ ಕೊಟ್ಟಳು. ಅದೂ ಎಂದಿನಂತೆ.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟರು. ಹುನಗುಂದ ದಾಟಿತು, ಕಮತಗಿ ದಾಟಿತು. ಬನಶಂಕರಿ ಕಾಗದಪತ್ರಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಸಂಗಯ್ಯ ಮೆಲ್ಲಗೆ ಹಾಡಿಕೊಳ್ಳುತ್ತಿದ್ದ. ಸಮಿತಿಯ ಅಂಗಳಕ್ಕೆ ಅವನು ಹೋಗಿದ್ದು ಒಂದೇ ಸಲ, ಅಡಿಗಲ್ಲು ಇಟ್ಟ ದಿನ. ಸಮಿತಿ ಕಟ್ಟಿದ ಹಿರಿಯರೊಬ್ಬರು ಅವನ ಕೈ ಹಿಡಿದುಕೊಂಡು, "ಸರ್ಕಾರ ಕೊಡಲಿ ಬಿಡಲಿ, ತಾಯಂದಿರ ಹಿಡಿ ಇದ್ರ ಸಾಕು ಸ್ವಾಮಿ," ಎಂದಿದ್ದರು. ಆಮೇಲೆ ತಿಂಗಳಿಗೊಮ್ಮೆ ಚೀಲಗಳನ್ನು ಲಾರಿಗೆ ಹಾಕಿ ಕಳಿಸಿದನೇ ಹೊರತು ಹೋಗಿ ನೋಡಲಿಲ್ಲ. ಕೊಟ್ಟ ದಾಸೋಹವನ್ನು ಹಿಂದಿನಿಂದ ಹೋಗಿ ನೋಡುವುದು ಅವನಿಗೆ ಸರಿ ಕಾಣುತ್ತಿರಲಿಲ್ಲ.

ಅಂಗಳದಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಗಾಡಿಯವನು ಬೆನ್ನಿಗೆ ಚೀಲ ಹೊತ್ತು ಉಗ್ರಾಣದಿಂದ ಬರುತ್ತಿದ್ದ. ಚೀಲದ ಬಾಯಿಗೆ ಕೆಂಪು ನೂಲು.

"ನೋಡವ್ವ, ನಮ್ಮ ಚೀಲ," ಸಂಗಯ್ಯನ ಮುಖ ಅರಳಿತು. "ಏನಪಾ, ಇಳಕಲ್ಲ ಜೋಳ ಈಗ ಬಂತೇನು?"

"ಬರೂದಲ್ರಿ ಅಜ್ಜಾರ, ಹೋಗೂದು." ಗಾಡಿಯವನು ಚೀಲವನ್ನು ಧೊಪ್ಪನೆ ಗಾಡಿಗೆ ಹಾಕಿ ಬೆವರು ಒರೆಸಿಕೊಂಡ. ಅವನ ಹೆಸರು ಚಾಂದಸಾಬ. "ಪ್ಯಾಟಿಗೆ. ತಿಂಗಳಾ ಒಂದ ಖೇಪ ಇರತೈತಿ."

"ಪ್ಯಾಟಿಗೆ ಯಾಕ?"

"ಮಾರಾಕ. ಮತ್ತೇನ ಗಾಡಿ ಮ್ಯಾಲೆ ಕುಂದರಿಸಿ ಜೋಳಕ್ಕ ಊರ ತೋರಸ್ತಾರೇನ್ರಿ?"

"ಮಕ್ಕಳು?"

"ಯಾವ ಮಕ್ಕಳ್ರಿ? ಒಳಗ ನೋಡಬರ್ರಿ. ಎಲ್ಲಾ ದೂರದ ಮಂದಿ. ಕೇರಳದವ್ರು, ಸೊಲ್ಲಾಪುರದ ಆಚಿಯವ್ರು. ಭಾಳ ಚಲೋ ಹುಡುಗ್ರು, ನನಗೂ ಚಾ ಕುಡಸ್ತಾರ. ಆದ್ರ ರೊಟ್ಟಿ ಮುಟ್ಟಂಗಿಲ್ಲ, ಅನ್ನ ಬೇಕು. ಡೊನೇಶನ್ ಕೊಟ್ಟ ಬಂದವ್ರು, ಬೇಕಂದದ್ದ ಕೊಡಬೇಕಲ್ರಿ."

ಸಂಗಯ್ಯ ಗಾಡಿಯ ಹಲಗೆಯನ್ನು ಹಿಡಿದುಕೊಂಡ. ಬಸ್ಸಿನಲ್ಲಿ ಹಾಡುತ್ತ ಬಂದಿದ್ದ ಹಾಡಿನ ಮುಂದಿನ ಸಾಲು ಯಾವುದೆಂದು ನೆನಪು ಮಾಡಿಕೊಳ್ಳಲು ನೋಡಿದ. ಆರು ವರ್ಷದ ವಯಸ್ಸಿನಿಂದ ಬಾಯಿಪಾಠವಾಗಿದ್ದ ಸಾಲು ಬರಲಿಲ್ಲ.

"ಎಷ್ಟ ವರ್ಷಾತು ಹಿಂಗ?" ಕೇಳಿದವಳು ಬನಶಂಕರಿ.

"ನಾ ಬಂದು ಐದ ವರ್ಷಾತಬೇ. ಅದಕ್ಕೂ ಮದಲು ನಮ್ಮಪ್ಪ ಹೊಡೀತಿದ್ದ, ಇದ ಗಾಡಿ," ಎಂದ ಚಾಂದಸಾಬ. ಮುದುಕನ ಮುಖ ನೋಡಿ ಅವನ ದನಿ ಇಳಿಯಿತು. "ಅಜ್ಜಾರ, ಕುಂದರ್ರಿ. ನೀರ ತರ್ಲೇನು?"

ಸಂಗಯ್ಯ ನೀರು ಒಲ್ಲೆನೆಂದ. ಬಂದದ್ದು ಸೀಟಿಗೆ. ಒಳಗೆ ನಡೆದ.

ಸಮಿತಿಯ ಸೆಕ್ರೆಟರಿ ರಾಚಯ್ಯನವರು ಅಡಿಗಲ್ಲಿನ ದಿನ ಕೈ ಹಿಡಿದಿದ್ದ ಆ ಹಿರಿಯರ ಮಗ. ಮೂವತ್ತೈದರ ಆಸುಪಾಸಿನವರು. ಸಂಗಯ್ಯನನ್ನು ಕಂಡದ್ದೇ ಎದ್ದು ಬಂದು ಕಾಲು ಮುಟ್ಟಿದರು, ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಬೈಯಬೇಕೆಂದುಕೊಂಡೇ ಒಳಗೆ ಕಾಲಿಟ್ಟವನಿಗೆ ಅದೇ ದೊಡ್ಡ ತೊಡಕಾಯಿತು. ಬನಶಂಕರಿಯ ಕಾಗದಗಳನ್ನು ಅವರು ಒಂದೂ ಬಿಡದೆ ನೋಡಿದರು.

"ಹುಡುಗಿ ಶ್ಯಾಣ್ಯಾ ಅದಾಳ್ರಿ ಅಜ್ಜಾರ. ಆದ್ರ ಈ ದಾಖಲಿ ನಮ್ಮಲ್ಲೆ ನಡಿಯಂಗಿಲ್ಲ. ಫೀ ಮಾಫಿ ಸರ್ಕಾರದ ಯಾದಿಯವ್ರಿಗೆ ಅಷ್ಟ. ಸಮಿತಿ ಸೀಟಿಗೆ ಮಾಫಿ ಇಲ್ಲ ಅಂತ ಸರ್ಕಾರನ ಹೇಳೇತಿ."

"ನೀವ ಕೊಡ್ರಿ ಮಾಫಿ. ಈಕಿ ತಾಯಿ ಹದಿನೆಂಟ ವರ್ಷ ಹಿಡಿ ಹಾಕ್ಯಾಳ."

"ಎಲ್ಲಿಂದ ಕೊಡ್ಲಿ ಹೇಳ್ರಿ." ರಾಚಯ್ಯನವರು ಒಂದು ಪತ್ರ ತೆಗೆದು ಮುಂದಿಟ್ಟರು. "ಸರ್ಕಾರ ಕಾಲೇಜ ತಗೀಲಿಕ್ಕೆ ಪರವಾನಗಿ ಕೊಟ್ಟೈತಿ, ಗ್ರ್ಯಾಂಟ್ ಕೊಟ್ಟಿಲ್ಲ. ಮಾಸ್ತರ ಪಗಾರ ನಾವ ಕೊಡಬೇಕು, ಅದೂ ಸರ್ಕಾರ ಹೇಳಿದಷ್ಟು. ಅಪ್ಪಾ ಇದ್ದಾಗ ಹಿಡಿ ಜೋಳದಾಗ ನಲವತ್ತ ಹುಡುಗರು ಉಣತಿದ್ರು. ಜೋಳ ಹೊಟ್ಟಿ ತುಂಬಸತೈತ್ರಿ, ಪಗಾರ ಕೊಡಂಗಿಲ್ಲ. ಅದಕ್ಕ ಡೊನೇಶನ್ ತಗೊಂಡ್ವಿ. ಡೊನೇಶನ್ ತಗೊಂಡ ಮ್ಯಾಲೆ ಆ ನಲವತ್ತ ಮಂದಿಗೆ ಖೋಲಿ ಉಳೀಲಿಲ್ಲ."

"ಉಳೀಲಿಲ್ಲ ಅಂತ ನನಗ್ಯಾಕ ಹೇಳ್ಲಿಲ್ಲ?"

ರಾಚಯ್ಯನವರು ಆ ಪತ್ರವನ್ನು ಮಡಿಸಿಟ್ಟರು. ಆಮೇಲೆ ತಲೆ ತಗ್ಗಿಸಿ ಹೇಳಿದರು: "ಹೇಳಿದ್ರ ನೀವ ಹಾಡತಿದ್ದಿಲ್ಲ."

ಸಂಗಯ್ಯ ಕೈಯಲ್ಲಿದ್ದ ಚಹಾವನ್ನು ಮೇಜಿನ ಮೇಲಿಟ್ಟ. ಹದಿನೆಂಟು ವರ್ಷದ ಬಾಗಿಲುಗಳು ಒಂದರ ಹಿಂದೊಂದು ಅವನ ಕಣ್ಣ ಮುಂದೆ ತೆರೆದವು. ಒಂದೊಂದರಲ್ಲೂ ಒಬ್ಬೊಬ್ಬ ಹೆಣ್ಣುಮಗಳು ಗಡಿಗೆ ಹಿಡಿದು ನಿಂತಿದ್ದಳು. ಅವರಿಗೆ ಸುಳ್ಳು ಹೇಳಿದ್ದು ಈ ರಾಚಯ್ಯನಲ್ಲ. ಇವನು ಆ ಓಣಿಗೆ ಕಾಲಿಟ್ಟೇ ಇಲ್ಲ.

"ಒಂದ ದಾರಿ ಐತ್ರಿ," ಎಂದರು ರಾಚಯ್ಯನವರು. "ಬರೂ ಗುರುವಾರ ಸರ್ಕಾರದಿಂದ ತಪಾಸಣಿಗೆ ಬರ್ತಾರ. ಗ್ರ್ಯಾಂಟ್ ಕೊಡಬೇಕೋ ಬ್ಯಾಡೋ ಅಂತ ನೋಡಾಕ. ಬಡವ್ರ ಮಕ್ಕಳು ಎಷ್ಟ ಮಂದಿ ಇಲ್ಲಿದ್ದು ಕಲ್ತಾರ, ಪಾಸಾಗ್ಯಾರ, ಅಂತ ಕೇಳ್ತಾರ. ತೋರಸಾಕ ನಮ್ಮಲ್ಲೆ ಈಗ ಯಾರೂ ಇಲ್ಲ. ಈಕಿ ಬಂದು ಒಂದ ಮಾತ ಹೇಳ್ಲಿ. 'ನಾ ನೇಕಾರರ ಮನಿ ಹುಡುಗಿ, ಮೂರ ವರ್ಷ ಇಲ್ಲೇ ಪ್ರಸಾದನಿಲಯದಾಗ ಇದ್ದೆ, ತಾಯಂದಿರ ಹಿಡಿ ಜೋಳದ ರೊಟ್ಟಿ ಉಂಡ ಬಿ.ಎ. ಮಾಡೇನಿ.' ಅಷ್ಟ. ಕಾಗದ ಪತ್ರ ನಾವು ನೋಡ್ಕೋತೇವಿ. ಗ್ರ್ಯಾಂಟ್ ಬಂದ್ರ ಮುಂದಿನ ವರ್ಷದಿಂದ ಮತ್ತ ನಲವತ್ತ ಮಂದೀನ ಇಟಗೋತೇವಿ, ಅಪ್ಪನ ಆಣಿ. ಈಕಿ ಸೀಟು ಇವತ್ತ ಬರಕೊಡ್ತೇನಿ. ಒಂದ ಪೈಸೆ ಬ್ಯಾಡ."

ಮೇಜಿನ ಮೇಲೆ ಪ್ರವೇಶದ ಫಾರ್ಮು ಬಂತು. ಹೆಸರಿನ ಜಾಗ ಖಾಲಿ ಇತ್ತು. ಈ ವರ್ಷ ತಪ್ಪಿದರೆ ಮತ್ತೊಂದು ವರ್ಷ ಕಾಯಿಸುವ ಶಕ್ತಿ ಬೋರವ್ವನಿಗಿಲ್ಲ. ಕಮತಗಿಯ ಕಡೆಯವರು ಹುಡುಗಿಯನ್ನು ನೋಡಿ ಹೋಗಿ ಆಗಲೇ ತಿಂಗಳಾಗಿತ್ತು. ಇದೆಲ್ಲ ಸಂಗಯ್ಯನಿಗೆ ಗೊತ್ತಿತ್ತು. ಒಂದು ಮಾತು. ತಾನು ಹದಿನೆಂಟು ವರ್ಷ ಆಡಿದ ಮಾತೇ. ಅದನ್ನು ಇನ್ನೊಂದು ಸಲ ಈ ಹುಡುಗಿ ಆಡಿದರೆ ಅವಳ ಬಾಳು ನೆಟ್ಟಗಾಗುತ್ತದೆ, ಆ ಹೆಣ್ಣುಮಕ್ಕಳ ಹಿಡಿಗಳಲ್ಲಿ ಒಂದಾದರೂ ಮುಟ್ಟಬೇಕಾದಲ್ಲಿ ಮುಟ್ಟುತ್ತದೆ.

ಅವನು ಬನಶಂಕರಿಯ ಕಡೆ ತಿರುಗಿದ. ತನ್ನ ಬಾಯಿಂದ ಹೊರಟ ದನಿ ತನ್ನದೇ ಎಂದು ಅವನಿಗೆ ಗುರುತು ಹತ್ತಲಿಲ್ಲ.

"ಹೇಳಿಬಿಡವ್ವ. ಒಂದ ಮಾತು. ನಿಮ್ಮವ್ವನ ಸಲುವಾಗಿ. ನಾ ಕೈ ಮುಗೀತೇನಿ."

ಅವನು ಖರೆಯೇ ಕೈ ಮುಗಿದಿದ್ದ. ಬನಶಂಕರಿ ಆ ಕೈಗಳನ್ನು ನೋಡಿದಳು, ಫಾರ್ಮನ್ನು ನೋಡಿದಳು. ಹೊರಗೆ ಚಾಂದಸಾಬನ ಗಾಡಿ ಹೊರಟ ಸಪ್ಪಳ ಕೇಳಿತು. ಅವಳು ತನ್ನ ಕಾಗದಗಳನ್ನು ಒಂದೊಂದಾಗಿ ಎತ್ತಿಕೊಂಡು ಚೀಲಕ್ಕೆ ಹಾಕತೊಡಗಿದಳು. ಅವಸರವಿರಲಿಲ್ಲ. ಮಾಮಲೇದಾರರ ದಾಖಲೆಯನ್ನು ಮಡಿಕೆ ಸರಿ ಮಾಡಿ ಕೊನೆಗಿಟ್ಟಳು. ನಂತರ ಬಲಗೈಯನ್ನು ಮುಷ್ಟಿ ಮಾಡಿ ಮೇಜಿನ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಖಾಲಿ ಅಂಗೈಯನ್ನು ಸಂಗಯ್ಯನಿಗೆ ತೋರಿಸಿದಳು.

"ಅಜ್ಜಾರ, ನೀವ ಹೊಸ್ತಿಲದಾಗ ನಿಂತಿದ್ರಿ. ನೋಡೀರಿ. ಅವತ್ತ ನನಗ ಭಾಳ ಹಸಿವಾಗಿತ್ತು, ಅವ್ವ ಒಂದ ಕಾಳೂ ಬಿಡಲಿಲ್ಲ. ಆ ಜೋಳ ನಾ ಉಂಡಿಲ್ಲ. ಉಂಡೇನಿ ಅಂತ ನಾ ಹೇಳಂಗಿಲ್ಲ."