ಮುಚ್ಚಿದ ಬಾಗಿಲಿನ ಸುದ್ದಿ

ಪತ್ರಿಕೆಯವರು ತನುಜಾಳ ಹೆಸರು ಹಾಕಿರಲಿಲ್ಲ. ಕಾನೂನು ಬಲ್ಲವರು, ಪಾಪ. ‘ಬಾಳೂರು ಸಮೀಪದ ಎಸ್ಟೇಟೊಂದರ ಮಹಿಳಾ ರೈಟರ್’ ಎಂದಷ್ಟೇ ಬರೆದಿದ್ದರು. ಬಾಳೂರಿನ ಸುತ್ತ ಆಳುಗಳ ಹಾಜರಿ ಬರೆಯುವ ಹೆಂಗಸು ಇರುವುದೇ ಒಬ್ಬಳು. ಮೇಲೆ ದಪ್ಪಕ್ಷರದಲ್ಲಿ ‘ಮಗು ಬೇಡವೆಂದ ತಾಯಿ’. ಬೆಳಗಿನ ಜೀಪು ಕಳಸ ಮುಟ್ಟುವುದರೊಳಗೆ ಸುದ್ದಿ ಮುಟ್ಟಿಯಾಗಿತ್ತು.

ಊರಿನವರದ್ದು ತನುಜಾಳಿಗೆ ಅಷ್ಟು ಚಿಂತೆಯಿರಲಿಲ್ಲ. ಆಡುವವರ ಬಾಯಿಗೆ ಬೀಗ ಹಾಕಿದವರುಂಟೇ? ಆದರೆ ಅವತ್ತು ಸಂಜೆ ಏಳನೇ ಕ್ಲಾಸಿನ ಮಗಳು ಗಗನಾ ಶಾಲೆಯಿಂದ ಬಂದವಳೇ ಅಮ್ಮನ ಸೆರಗು ಹಿಡಿದು ಕೂತುಬಿಟ್ಟಳು.

“ಈ ಸಲ ಕೊಯ್ಲಿಗೆ ಅಜ್ಜಿ ಮನೆಗೆ ಹೋಗಲ್ಲ. ಹೋದ್ರೆ ನೀನು ವಾಪಸ್ ಕರ್ಕೊಳಲ್ಲ.”

ತನುಜಾ ಎಷ್ಟು ಸಮಾಧಾನ ಹೇಳಿದರೂ ಹುಡುಗಿ ನಂಬಲಿಲ್ಲ. ಅಮ್ಮ ಮನೆಯಲ್ಲಿ ಹೇಳುವುದು ಬೇರೆ, ಪೇಪರಿನಲ್ಲಿ ಬಂದದ್ದು ಬೇರೆ.

ನಡೆದದ್ದು ಇಷ್ಟೇ. ಕಾಫಿ ಕೊಯ್ಲು ಶುರುವಾದರೆ ರೈಟರಿಗೆ ಬೆಳಗಿನಿಂದ ಕತ್ತಲವರೆಗೂ ಉಸಿರಾಡಲು ಪುರುಸೊತ್ತಿಲ್ಲ. ಆ ಎರಡು ತಿಂಗಳು ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡುವುದು ಎಸ್ಟೇಟಿನ ಮನೆಗಳ ಹಳೆಯ ರೂಢಿ. ಗಂಡ ವೀರೇಂದ್ರನಿಂದ ವಿಚ್ಛೇದನದ ವಿಚಾರಣೆ ಚಿಕ್ಕಮಗಳೂರಿನಲ್ಲಿ ನಡೆಯುವಾಗಲೂ ತನುಜಾ, ಮಗಳು ನನ್ನ ಹತ್ತಿರವೇ ಇರಬೇಕು, ಕೊಯ್ಲಿಗೆ ಮಾತ್ರ ಕಳಸದಲ್ಲಿ ಅಜ್ಜಿಯ ಜೊತೆ ಅವಳ ಅಪ್ಪನ ಮನೆಯಲ್ಲಿರಲಿ ಎಂದಿದ್ದಳು. ಹೊರಗಿನವರು ಯಾರೂ ಬೇಡವೆಂದು ಇಬ್ಬರೂ ಒಪ್ಪಿಯೇ ಬಾಗಿಲು ಮುಚ್ಚಿಸಿ ನಡೆಸಿದ ವಿಚಾರಣೆ ಅದು. ಕೊಯ್ಲಿನ ಮಾತು ಒಳಗೇ ಉಳಿಯಿತು, ‘ಅಪ್ಪನ ಮನೆಯಲ್ಲಿರಲಿ’ ಎನ್ನುವುದು ಮಾತ್ರ ಹೇಗೋ ಕೋರ್ಟಿನ ಹೊರಗಿನ ಕ್ಯಾಂಟೀನಿಗೆ ಬಂದು ಕೂತಿತು.

ಸುದ್ದಿ ಬರೆದ ರೇಣುಕಪ್ರಸಾದರನ್ನು ಅವಳು ಮೂಡಿಗೆರೆಯಲ್ಲಿ ಹಿಡಿದಳು.

“ಹೆಸರು ಹಾಕಿಲ್ವಲ್ಲಮ್ಮ,” ಎಂದರು ಅವರು.

“ಹೆಸರೊಂದು ಬಿಟ್ಟು ಮತ್ತೆಲ್ಲ ಹಾಕಿದೀರಿ. ನಿಜ ಒಂದು ಹಾಕಿಲ್ಲ.”

ಅವಳು ಹೇಳಿದ್ದನ್ನೆಲ್ಲ ಕೇಳಿ ಅವರ ಮುಖ ಸಣ್ಣಗಾಯಿತು. ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ. “ತಪ್ಪಾಯ್ತು ಅಂತ ನಾಳೆನೇ ಬೇಕಾದ್ರೂ ಹಾಕ್ತೀನಿ. ಆದ್ರೆ ಮೊನ್ನೆ ಕ್ಯಾಂಟೀನಿನವರ ಮಾತು ಕೇಳಿ ಬರೆದೆ, ಇವತ್ತು ನಿಮ್ಮ ಮಾತು ಕೇಳಿ ಬರೀಬೇಕು. ಬಾಗಿಲು ಹಾಕ್ಕೊಂಡ್ರೆ ನಾನಾದ್ರೂ ಏನು ಮಾಡ್ಲಿ?”

“ಹಾಗಾದ್ರೆ ಒಳಗೆ ಬಂದು ಕೂತ್ಕೊಳಿ,” ಎಂದಳು ತನುಜಾ.

ಹೇಳಿದಷ್ಟು ಸುಲಭವೇ? ವಕೀಲೆ ಸುಕನ್ಯಾ ಹಣೆ ಚಚ್ಚಿಕೊಂಡರು. ಜನ ಬಾಗಿಲು ಮುಚ್ಚಿಸಲು ಬರುತ್ತಾರೆ, ಇವಳು ತೆರೆಸಲು ಬಂದಿದ್ದಾಳೆ. ನ್ಯಾಯಾಧೀಶರ ಅನುಮತಿ ಬೇಕು, ಅದಕ್ಕೂ ಮೊದಲು ವೀರೇಂದ್ರ ಹೂಂ ಅನ್ನಬೇಕು.

ತನುಜಾ ತಾನೇ ಫೋನ್ ಮಾಡಿದಳು. ಎಷ್ಟೋ ಕಾಲದ ಮೇಲೆ.

“ನಾನೂ ಇದನ್ನೇ ಯೋಚಿಸಿದ್ದೆ, ನೀನು ಬೇಡ ಅಂತೀಯ ಅಂದ್ಕೊಂಡೆ,” ಎಂದ ವೀರೇಂದ್ರ. “ಇಲ್ಲಿ ನನ್ನ ಅಂಗಡಿಗೆ ಮೆಣಸು ತರೋರು ಪೇಪರ್ ನಂಬಲ್ಲ, ಹೆಂಡತಿ ಹತ್ರ ಮಗು ಕಿತ್ಕೊಂಡ್ಯಲ್ಲೋ ಮಾರಾಯ ಅಂತಾರೆ. ಕೇಳಿ ಕೇಳಿ ಸಾಕಾಗಿದೆ. ಬರೀಲಿ ಬಿಡು, ಸರಿಯಾಗಿ ಬರೀಲಿ.”

ಆದೇಶದ ದಿನ ನ್ಯಾಯಾಧೀಶರು ರೇಣುಕಪ್ರಸಾದರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಖಡಕ್ಕಾಗಿ ಹೇಳಿದರು: ಹೆಸರಿಲ್ಲ, ಊರಿಲ್ಲ, ಉದ್ಯೋಗವಿಲ್ಲ, ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಮನುಷ್ಯ ಅವತ್ತು ಕ್ಯಾಂಟೀನಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಬರೆದದ್ದನ್ನು ಆದೇಶದ ಪ್ರತಿಯ ಪಕ್ಕ ಇಟ್ಟುಕೊಂಡು ಸಾಲು ಸಾಲೂ ನೋಡಿಕೊಂಡರು.

ಮರುದಿನ ಪೇಪರಿನಲ್ಲಿ ಹಳೆಯ ಸುದ್ದಿ ತಪ್ಪೆಂಬ ವಿಷಾದ ಒಂದು ಪುಟದಲ್ಲಿ, ಹೊಸ ವರದಿ ಇನ್ನೊಂದು ಪುಟದಲ್ಲಿ. ಉಪ್ಪು ಹುಳಿ ಖಾರ ಯಾವುದೂ ಇಲ್ಲದ ವರದಿ. ಜೀಪಿನಲ್ಲಿ ಪಕ್ಕ ಕೂತಿದ್ದ ರಹೀಮಾ ಆ ವರದಿಯನ್ನಷ್ಟೇ ಓದಿ, “ಯಾರೋ ಏನೋ, ಒಳ್ಳೆ ಜನ ಕಣೇ,” ಎಂದಳು. ತನುಜಾ ನಗು ತಡೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಎದೆ ಹಗುರಾಗಿತ್ತು.

ಮನೆಯಲ್ಲಿ ಗಗನಾ ಪೇಪರನ್ನು ನೆಲದ ಮೇಲೆ ಹಾಸಿಕೊಂಡು ಬೆರಳಿಟ್ಟು ಓದಿದಳು. ‘ಮಗಳು ತಮಗೇ ಬೇಕೆಂದು ತಂದೆ ತಾಯಿ ಇಬ್ಬರೂ ಕೇಳಿಕೊಂಡರು. ಮಗಳು ತಾಯಿಯ ಬಳಿ ಇರಬೇಕು, ವರ್ಷಕ್ಕೆ ಎರಡು ತಿಂಗಳು ತಂದೆಯ ಮನೆಯಲ್ಲಿದ್ದು ಮರಳಬೇಕು ಎಂದು ನ್ಯಾಯಾಲಯ ಆದೇಶಿಸಿತು.’

“ಇದು ನಾನಾ?”

“ಹೂಂ, ನೀನೇ.”

“ಅಪ್ಪನೂ ಬೇಕು ಅಂದ್ರಾ?”

“ಅಂದ್ರು. ನನಗಿಂತ ಜೋರಾಗಿ. ಜಡ್ಜ್ ಮೆತ್ತಗೆ ಮಾತಾಡಿ ಅಂತ ಹೇಳಬೇಕಾಯ್ತು.”

ಗಗನಾ ಆ ಸಾಲನ್ನು ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ ಓದಿದಳು. ಆಮೇಲೆ ಎದ್ದು ಅಟ್ಟದ ಮೇಲಿದ್ದ ಬ್ಯಾಗು ಇಳಿಸಿ, ಧೂಳು ಒರೆಸಿ, ಅಜ್ಜಿ ಮನೆಗೆ ಒಯ್ಯುವ ಬಟ್ಟೆ ತುಂಬತೊಡಗಿದಳು. ಕೊಯ್ಲಿಗೆ ಇನ್ನೂ ಎಷ್ಟೋ ದಿನ ಇತ್ತು. ತನುಜಾ ಬೇಡವೆನ್ನಲಿಲ್ಲ.